ಚಾಕಿ ಮನೆಯ ಚಪ್ಪಡಿ ನೆಲ

ಸುಗಟೂರಿನಲ್ಲಿ ಬಸ್ಸಿಳಿದು ಚಾಕಿ ಮನೆ ಎಲ್ಲಿ ಅಂತ ಕೇಳಿದರೆ ಯಾರಾದರೂ ವೆಂಕಟಲಕ್ಷ್ಮಿಯ ಮನೆ ತೋರಿಸುತ್ತಾರೆ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದು. ಜೋರಾಗಿ ಉಸಿರು ಬಿಟ್ಟರೆ ಚದುರಿಹೋಗುವಷ್ಟು ಹಗುರ. ಆ ಮರಿಗಳು ಎರಡು ಸಲ ಚರ್ಮ ಕಳಚುವವರೆಗೆ ಬಿಸಿಲು, ಚಳಿ, ಗಾಳಿ ಯಾವುದೂ ತಾಗದಂತೆ ಸಾಕಿ, ಆಮೇಲೆ ರೈತರ ಕೈಗೆ ಕೊಡುವುದೇ ಚಾಕಿ ಕೆಲಸ. ಸುತ್ತಲಿನ ಹಳ್ಳಿಯವರು ಅವಳ ಮನೆಯಿಂದ ತಟ್ಟೆಗಟ್ಟಲೆ ಮರಿ ಒಯ್ದು, ತಮ್ಮಲ್ಲಿ ಬೆಳೆಸಿ, ಗೂಡು ಕಟ್ಟಿಸಿ ಮಾರುತ್ತಾರೆ. ವೆಂಕಟಲಕ್ಷ್ಮಿಯ ಕೈಯಿಂದ ಬಂದ ಹುಳು ಅಂದರೆ ಅರ್ಧ ಬೆಳೆ ಕೈಗೆ ಬಂದಂತೆ ಎಂದು ಪಕ್ಕದ ಬೀದಿಯ ಮುನಿಯಲ್ಲಮ್ಮ ಹೇಳಿಕೊಂಡು ತಿರುಗುತ್ತಾಳೆ.

ಆ ಮನೆ ಹಳೆಯದು. ಮಣ್ಣಿನ ದಪ್ಪ ಗೋಡೆ, ಮೇಲೆ ಹೆಂಚು, ನಡುಮನೆಗೆ ಕಲ್ಲು ಚಪ್ಪಡಿಯ ನೆಲ. ಅವಳ ಮಾವ ಬೆಟ್ಟದ ತಪ್ಪಲಿನಿಂದ ಎತ್ತಿನ ಗಾಡಿಯಲ್ಲಿ ಒಂದೊಂದೇ ಚಪ್ಪಡಿ ಹೊರಿಸಿ ತಂದು ಹಾಸಿದ್ದರಂತೆ. ಬೇಸಗೆಯಲ್ಲಿ ಆ ನೆಲದ ಮೇಲೆ ಬೆನ್ನು ಚಾಚಿದರೆ ಏಳಲು ಮನಸ್ಸಾಗದು. ಆದರೆ ಪುಷ್ಯ ಮಾಸದಲ್ಲಿ ಬರಿಗಾಲಲ್ಲಿ ನಿಂತರೆ ಚಳಿ ಪಾದದಿಂದ ಹತ್ತಿ ಮೊಣಕಾಲಲ್ಲಿ ಕೂರುತ್ತಿತ್ತು. ಹುಳುಗಳಿಗೆ ಅಂಥ ಚಳಿ ಆಗುವುದಿಲ್ಲ. ಸೊಪ್ಪು ಮುಟ್ಟದೆ ಮುದುಡಿಕೊಳ್ಳುತ್ತವೆ.

ಅವಳು ಆ ಮನೆಗೆ ಸೊಸೆಯಾಗಿ ಬಂದಾಗಲೂ ನಡುಮನೆ ತುಂಬ ಹುಳುವಿತ್ತು. ತವರು ಗೌನಿಪಲ್ಲಿ, ಮಾವಿನ ತೋಪಿನ ನಡುವಿನ ಮನೆ, ಮನೆಮಾತು ತೆಲುಗು. ಮದುವೆ ಮುಗಿಸಿ ಗಂಡ ಅಪ್ಪಾಜಪ್ಪನ ಜೊತೆ ಹೊಸಲಿನ ಮುಂದೆ ನಿಂತಾಗ ಅತ್ತೆ ಅಕ್ಕಯಮ್ಮ ಆರತಿ ಎತ್ತಿದರು, ಕಾಲಿಗೆ ನೀರು ಹಾಕಿದರು, ಆಮೇಲೆ ಅವಳ ಜಡೆಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಬಿಚ್ಚಿ ಹೊರಗಿನ ತುಳಸಿಕಟ್ಟೆಯ ಮೇಲಿಟ್ಟರು. ಏಕೆಂದು ಹೇಳಲಿಲ್ಲ. ಮದುಮಗಳ ತಲೆಯ ಹೂ ಕಿತ್ತಿಟ್ಟರಲ್ಲ ಎಂದು ವೆಂಕಟಲಕ್ಷ್ಮಿಯ ಕಣ್ಣು ತುಂಬಿಬಂತು. ಆಗ ಪಕ್ಕದಲ್ಲಿ ನಿಂತಿದ್ದ ನಾದಿನಿ ಸುನಂದ, ಅವಳದೇ ವಯಸ್ಸಿನವಳು, ಕಿವಿಯ ಹತ್ತಿರ ಬಾಗಿ ಹೇಳಿದಳು.

"ಹುಳುಗೆ ವಾಸನೆ ಆಗಲ್ಲ ಅತ್ತಿಗೆ. ಬೇಜಾರ್ ಮಾಡ್ಕೋಬೇಡಿ. ನಾಳೆ ನಿಮ್ಮ ಪೌಡರ್ ಡಬ್ಬನೂ ಕಿತ್ಕೋತಾರೆ ನೋಡ್ತಿರಿ."

ಅಳು ಬರುತ್ತಿದ್ದವಳಿಗೆ ನಗು ಬಂತು. ಮರುದಿನ ಪೌಡರ್ ಡಬ್ಬ ನಿಜವಾಗಿಯೂ ಹಿತ್ತಲ ಗೂಡು ಸೇರಿತು.

ಹುಳು ಇದ್ದಷ್ಟು ದಿನ ಆ ಮನೆಯಲ್ಲಿ ಮನುಷ್ಯರು ಎರಡನೆಯವರು. ಬೆಚ್ಚನೆಯ ನಡುಮನೆ ಹುಳುಗಳದು, ಮನೆಮಂದಿ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಬೇಕು. ಜೋರಾಗಿ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಅಪ್ಪಾಜಪ್ಪ ಬೀಡಿ ಸೇದಬೇಕಾದರೆ ಹೊಲದ ಆ ತುದಿಗೆ ಹೋಗಬೇಕು, ಬಂದು ಕೈ ಬಾಯಿ ತೊಳೆಯಬೇಕು. ವೆಂಕಟಲಕ್ಷ್ಮಿಗೆ ಮೊದಮೊದಲು ಇದೆಲ್ಲ ವಿಚಿತ್ರ ಅನ್ನಿಸಿತು. ಸುನಂದ ಇರದಿದ್ದರೆ ಆ ಮೊದಲ ವರ್ಷ ಕಳೆಯುತ್ತಲೇ ಇರಲಿಲ್ಲ ಎಂದು ಈಗಲೂ ಹೇಳುತ್ತಾಳೆ.

ಇಬ್ಬರೂ ನಸುಕಿಗೆ ಎದ್ದು ತೋಟಕ್ಕೆ ಹೋಗಿ, ಇಬ್ಬನಿ ಆರುವ ಹೊತ್ತಿಗೆ ಎಳೆ ಸೊಪ್ಪು ಬಿಡಿಸಿ ತರುತ್ತಿದ್ದರು. ನಡುಮನೆಯ ನೆಲದ ಮೇಲೆ ಎದುರುಬದುರು ಕೂತು, ಕೊತ್ತಂಬರಿ ಹೆಚ್ಚಿದ ಹಾಗೆ ಸಣ್ಣಗೆ ಹೆಚ್ಚಿ, ತಟ್ಟೆಗಳ ಮೇಲೆ ಉದುರಿಸುತ್ತಿದ್ದರು. ವೆಂಕಟಲಕ್ಷ್ಮಿ ಬಾಯಿ ತಪ್ಪಿ "ಇನ್ನೊಂಚೂರು ಆಕು ಕೊಡು" ಅಂದರೆ ಸುನಂದ ಕೊಡುತ್ತಿರಲಿಲ್ಲ.

"ಸೊಪ್ಪು ಅನ್ನಿ. ನಮ್ಮ ಹುಳುಗೆ ತೆಲುಗು ಬರಲ್ಲ."

"ನಿಮ್ಮ ಅಮ್ಮ ಕೋಳಿ ಹತ್ರನೂ ತೆಲುಗಲ್ಲೇ ಮಾತಾಡ್ತಾರೆ."

"ಕೋಳಿ ಬೇರೆ, ಹುಳು ಬೇರೆ."

ಒಳಗಿನಿಂದ ಅಕ್ಕಯಮ್ಮ ಗದರುತ್ತಿದ್ದರು. ಆದರೂ ಆ ಗದರಿಕೆಯಲ್ಲಿ ಅಂಥ ಬಿಸಿಯೇನೂ ಇರುತ್ತಿರಲಿಲ್ಲ.

ಚಳಿಗಾಲದಲ್ಲಿ ನಡುಮನೆಯ ಮೂಲೆಗಳಲ್ಲಿ ಕುಂಪಟಿ ಇಡುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ತುಂಬಿ, ಹೊರಗೆ ಕೆಂಡ ಮಾಡಿ, ಹೊಗೆ ಆರಿದ ಮೇಲೆ ಒಳಗೆ ತರುವುದು. ಕಿಟಕಿ ಸಂದುಗಳಿಗೆ ಗೋಣಿಚೀಲ ತುರುಕುವುದು. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಅದರಲ್ಲಿ ಕೆಡುಕಿದೆ ಎಂದು ಯಾರೂ ಯೋಚಿಸಿರಲಿಲ್ಲ.

ವೆಂಕಟಲಕ್ಷ್ಮಿ ಬಂದ ಎರಡನೆಯ ಪುಷ್ಯ ಮಾಸ. ಸುನಂದಳಿಗೆ ಬೈರಕೂರಿನ ಗಂಡು ನಿಶ್ಚಯವಾಗಿತ್ತು. ಆ ರಾತ್ರಿ ಹುಳು ಕಾಯುವ ಸರದಿ ಅವಳದು. ಬೆಳಕು ಹರಿಯುವಾಗ ವೆಂಕಟಲಕ್ಷ್ಮಿ ಸೊಪ್ಪಿನ ಬುಟ್ಟಿ ಹೊತ್ತು ಬಂದು ಬಾಗಿಲು ತಳ್ಳಿದಳು. ಒಳಗಿನ ಕಾವು ಮುಖಕ್ಕೆ ರಾಚಿತು. ಸುನಂದ ಚಪ್ಪಡಿಯ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಕರೆದರೆ ಏಳಲಿಲ್ಲ. ಅಲ್ಲಾಡಿಸಿದರೆ ಕೈ ಜೋತುಬಿತ್ತು. ವೆಂಕಟಲಕ್ಷ್ಮಿ ಬುಟ್ಟಿ ಬಿಸಾಡಿ, ಅವಳ ಎರಡೂ ಕಂಕುಳಿಗೆ ಕೈಹಾಕಿ, ದರದರ ಎಳೆದುಕೊಂಡು ಅಂಗಳಕ್ಕೆ ತಂದಳು. ಆ ಹೊತ್ತಿಗೆ ಅವಳ ತಲೆಯೂ ಸುತ್ತುತ್ತಿತ್ತು. ಅಕ್ಕಯಮ್ಮ ಓಡಿಬಂದು ಮಗಳ ಮುಖ ನೋಡಿದವರೇ ಅಂಗಳದಲ್ಲಿ ಕೂತುಬಿಟ್ಟರು. ಹಾಲಿನ ಡೇರಿಗೆ ಬಂದಿದ್ದ ವ್ಯಾನಿನಲ್ಲಿ ಸುನಂದಳನ್ನು ಮಲಗಿಸಿಕೊಂಡು ಕೋಲಾರಕ್ಕೆ ಓಡಿದರು.

ಜೀವ ಉಳಿಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಗಾಳಿ ವಿಷವಾಗುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಸುನಂದಳಿಗೆ ಬಹಳ ಕಾಲ ತಲೆನೋವು ಉಳಿಯಿತು. ಮದುವೆ ಬೇಸಗೆಗೆ ಹೋಯಿತು. ಅವಳು ಬೈರಕೂರಿಗೆ ಹೋದಳು, ಮಕ್ಕಳಾದವು, ಹಬ್ಬಕ್ಕೆ ತವರಿಗೆ ಬರುತ್ತಿದ್ದಳು. ಆದರೆ ನಡುಮನೆಯೊಳಗೆ ಮತ್ತೆ ಕಾಲಿಡಲಿಲ್ಲ. ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬರುವಳು, ಜಗಲಿಯಲ್ಲಿ ಉಣ್ಣುವಳು, ಅಲ್ಲಿಂದಲೇ ಬಸ್ಸಿಗೆ ಹೊರಡುವಳು. ಅಕ್ಕಯಮ್ಮ ಅದನ್ನು ನೋಡುತ್ತಿದ್ದರು. ಮನೆಯಲ್ಲಿ ಯಾರೂ ಆ ಮಾತು ಎತ್ತದೆ ವರ್ಷಗಳು ಕಳೆದವು.

ಆಮೇಲೆ ಕೆಂಡ ಬೇಡವೆಂದು ದೊಡ್ಡ ಬಲ್ಬು ಇಟ್ಟು ನೋಡಿದರು, ಕರೆಂಟಿನ ಹೀಟರ್ ಇಟ್ಟು ನೋಡಿದರು. ಚಳಿ ಜಾಸ್ತಿಯಿದ್ದ ದಿನವೇ ಕರೆಂಟು ಹೋಗುತ್ತಿತ್ತು. ಕೊನೆಗೆ ಕುಂಪಟಿಯೇ ವಾಪಸು ಬಂತು, ಕಿಟಕಿ ಅರ್ಧ ತೆರೆದು. ಅರ್ಧ ಕಾವು ಹೊರಗೆ ಹೋಗುವುದು, ಹೊಗೆ ಒಳಗೆ ಉಳಿಯುವುದು. ಆ ಹೊಗೆಯಲ್ಲೇ ವೆಂಕಟಲಕ್ಷ್ಮಿಯ ಯೌವನ ಕಳೆಯಿತು. ಮಾವ ತೀರಿಕೊಂಡರು. ಮಗಳು ದಿವ್ಯಳನ್ನು ಮಾಲೂರಿಗೆ ಕೊಟ್ಟರು. ಐವತ್ತು ದಾಟುವ ಹೊತ್ತಿಗೆ ಅವಳಿಗೆ ಚಳಿಗಾಲ ಬಂತೆಂದರೆ ಕೆಮ್ಮು ಬಿಡುತ್ತಿರಲಿಲ್ಲ. ಹೊಗೆ ಬಿಡಿ, ಇಲ್ಲದಿದ್ದರೆ ನಾನೇನೂ ಮಾಡಲಾರೆ ಎಂದು ಕೋಲಾರದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

"ಈ ವರ್ಷಕ್ಕೆ ಸಾಕು ಮಾಡ್ತೀನಿ" ಎಂದು ಅವಳು ಮುನಿಯಲ್ಲಮ್ಮನ ಹತ್ತಿರ ಅಂದಳು.

"ಸಾಕು ಮಾಡು. ನಾವೂ ಸೊಪ್ಪಿನ ತೋಟ ಕಿತ್ತು ಟೊಮೆಟೊ ಹಾಕ್ತೀವಿ" ಅಂದಳು ಮುನಿಯಲ್ಲಮ್ಮ. ಅದರಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು.

ಆ ದಿನಗಳಲ್ಲೇ ಸೋಲಾರ್ ನೀರಿನ ಪೈಪು ಸೋರುತ್ತಿದೆ ಎಂದು ಅಪ್ಪಾಜಪ್ಪ ಕದಿರೇಶನನ್ನು ಕರೆಸಿದ. ಕದಿರೇಶ್ ಕೋಲಾರದಲ್ಲಿ ಪ್ಲಂಬಿಂಗ್ ಕೆಲಸ ಮಾಡುವವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಮಾಡು ಹತ್ತಿ ಪೈಪು ಸರಿಮಾಡಿ ಇಳಿದು ಬಂದವನು ಕಾಫಿ ಕುಡಿಯುತ್ತ, ಬಾಗಿಲಾಚೆ ಬೂದಿ ತುಂಬಿದ ಕುಂಪಟಿಗಳನ್ನೂ ವೆಂಕಟಲಕ್ಷ್ಮಿಯ ಕೆಮ್ಮನ್ನೂ ಗಮನಿಸಿದ.

"ಅಕ್ಕಾ, ನಾನು ಕೆಲವು ವರ್ಷ ಲೇಹ್ ಕಡೆ, ಹಿಮ ಬೀಳೋ ಊರಲ್ಲಿ, ಕಂಟ್ರಾಕ್ಟರ್ ಹತ್ರ ಇದ್ದೆ" ಅಂದ. "ಅಲ್ಲಿ ಹೋಟ್ಲುಗಳಲ್ಲಿ ನೆಲದ ಕೆಳಗೆ ಪೈಪ್ ಹಾಕ್ತಾರೆ. ಬಿಸಿನೀರು ಆ ಪೈಪಲ್ಲಿ ಸುತ್ತಾಡ್ತಾ ಇರುತ್ತೆ, ಕಲ್ಲು ಬೆಚ್ಚಗಾಗುತ್ತೆ. ಕೋಣೆಯೊಳಗೆ ಬೆಂಕಿ ಇಲ್ಲ, ಹೊಗೆ ಇಲ್ಲ."

"ಹೊಸ ಮನೆಗೆ ಸರಿ. ಇದು ಹಳೇದು" ಅಂದ ಅಪ್ಪಾಜಪ್ಪ.

"ಹಳೇದಾದ್ರೇನಣ್ಣ, ಚಪ್ಪಡಿ ಎಬ್ಬಿಸಿ ಕೆಳಗೆ ಪೈಪ್ ಹಾಸಿ, ಮತ್ತೆ ಅದೇ ಚಪ್ಪಡಿ ಕೂರಿಸೋದು. ಹುಳುವಿನ ಮನೆಗೆ ನಾನು ಮಾಡಿಲ್ಲ, ಅದು ನಿಜ. ಆದ್ರೆ ಆಗಬೇಕು."

ಅಪ್ಪಾಜಪ್ಪ ಲೋಟ ಕೆಳಗಿಟ್ಟ. "ನಮ್ಮಪ್ಪ ಹಾಸಿದ ನೆಲ ಅದು. ಒಂದು ಚಪ್ಪಡಿ ಇಳಿಸುವಾಗ ಅವರ ಬೆರಳು ಜಜ್ಜಿಹೋಗಿತ್ತು. ನಾನು ಅಲ್ಲೇ ಅಂಬೆಗಾಲಿಟ್ಟಿದ್ದು. ಅದನ್ನ ಹಾರೆ ಹಾಕಿ ಎಬ್ಬಿಸೋಕೆ ನನ್ನ ಕೈಲಾಗಲ್ಲ."

ವೆಂಕಟಲಕ್ಷ್ಮಿಗೂ ಆ ನೆಲ ಪ್ರಿಯವಾದದ್ದೇ. ಯಾವ ಚಪ್ಪಡಿ ಸ್ವಲ್ಪ ಅಲುಗಾಡುತ್ತದೆ, ಯಾವುದರ ಅಂಚು ಸವೆದಿದೆ ಎಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲಳು. ಗಂಡನ ಮಾತಿಗೆ ಎದುರಾಡುವ ಮನಸ್ಸಾಗಲಿಲ್ಲ. ಕೆಮ್ಮು ಮಾತ್ರ ಬಂತು.

ಅಕ್ಕಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಎಂಬತ್ತು ದಾಟಿದ ಜೀವ. ಕಿವಿ ಮಂದವಾಗಿದೆ ಎಂದು ಎಲ್ಲರೂ ತಿಳಿದಿದ್ದರು.

"ಚಾಲು, ಸಾಕು ಬಿಡಪ್ಪ" ಅಂದರು. "ನಿನಗೆ ಅಂಬೆಗಾಲು ನೆನಪು. ನನಗೆ ಆ ನೆಲ ನೋಡಿದ್ರೆ ನನ್ನ ಮಗಳು ಬಿದ್ದಿದ್ದು ಕಾಣುತ್ತೆ. ದಿನಾ ಗುಡಿಸುವಾಗ ಕಾಣುತ್ತೆ, ಸಾರಿಸುವಾಗ ಕಾಣುತ್ತೆ. ಈಗ ಇವಳು ಕೆಮ್ತಾಳೆ. ಇವಳನ್ನೂ ಅಲ್ಲೇ ಮಲಗಿಸಬೇಕಾ? ಕಿತ್ತಾಕು."

ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅಕ್ಕಯಮ್ಮ ಆ ದಿನದ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ಅಪ್ಪಾಜಪ್ಪ ಎದ್ದು ಹಸುವಿಗೆ ನೀರು ಇಡಲು ಹೋದ. ತಿರುಗಿ ಬಂದು, "ಒಂದು ಮಾತು. ಯಾವ ಕಲ್ಲು ಎಲ್ಲಿತ್ತೋ ಅದು ಅಲ್ಲಿಗೇ ಬರಬೇಕು" ಎಂದಷ್ಟೇ ಹೇಳಿದ.

ಮಳೆಗಾಲದ ಕೊನೆಯ ಬೆಳೆ ರೈತರಿಗೆ ಹಂಚಿಯಾದ ಮೇಲೆ ನಡುಮನೆ ಖಾಲಿ ಮಾಡಿದರು. ತಟ್ಟೆಯಿಡುವ ಸ್ಟ್ಯಾಂಡುಗಳನ್ನು ಅಂಗಳಕ್ಕೆ ಹೊತ್ತು ಹಾಕಿದರು. ಕಲ್ಲು ಕೆಲಸದವರು ಹಾರೆ ಹಿಡಿದು ಬರುವ ಮೊದಲು ಅಪ್ಪಾಜಪ್ಪ ಕೆಮ್ಮಣ್ಣು ಕಲಸಿಕೊಂಡು ಪ್ರತಿಯೊಂದು ಚಪ್ಪಡಿಯ ಮೇಲೂ ಗುರುತು ಹಾಕುತ್ತ ಬಂದ. ಗೋಡೆಯ ಪಕ್ಕದ ದೊಡ್ಡ ಸ್ಟ್ಯಾಂಡು ಎತ್ತಿದ ಜಾಗಕ್ಕೆ ಬಂದವನು ನಿಂತುಬಿಟ್ಟ.

"ಇಲ್ಲಿ ನೋಡು ಬಾರೇ."

ಚಪ್ಪಡಿಯ ಮೇಲೆ ಚೌಕಾಬಾರದ ಮನೆಗಳು. ಮೊಳೆಯಲ್ಲಿ ಕೆರೆದದ್ದು, ಗೆರೆಗಳು ಸೊಟ್ಟ, ನಡುವಿನ ಮನೆಗೆ ಎರಡೆರಡು ಸಲ ಅಡ್ಡಗೀಟು. ವೆಂಕಟಲಕ್ಷ್ಮಿ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಧೂಳು ಒರೆಸಿದಳು. ಹುಳು ಜ್ವರಕ್ಕೆ ಹೋದಾಗ, ಅಂದರೆ ಚರ್ಮ ಕಳಚಲು ತಲೆಯೆತ್ತಿ ಅಲುಗದೆ ನಿಂತಾಗ, ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಅಂಥ ಮಧ್ಯಾಹ್ನಗಳಲ್ಲಿ ಅವಳೂ ಸುನಂದಳೂ ಹುಣಸೆಬೀಜ ಉಜ್ಜಿ ದಾಳ ಮಾಡಿಕೊಂಡು, ಒಡೆದ ಬಳೆಚೂರು ಕಾಯಿ ಮಾಡಿಕೊಂಡು ಆಡುತ್ತಿದ್ದರು. ಸೋತವರು ಸಂಜೆ ಸೊಪ್ಪಿನ ಕಡ್ಡಿ ಹೊರಬೇಕು. ಅತ್ತೆ ಬಂದರೆ ಮೇಲೆ ಗೋಣಿ ಎಳೆಯುವುದು. ಸುನಂದ ಗಂಡನ ಮನೆಗೆ ಹೋದ ಮೇಲೆ ವೆಂಕಟಲಕ್ಷ್ಮಿಯೇ ಅದರ ಮೇಲೆ ಸ್ಟ್ಯಾಂಡು ಎಳೆದು ನಿಲ್ಲಿಸಿದ್ದಳು. ಆಮೇಲೆ ಅದು ಅಲ್ಲಿದೆ ಎನ್ನುವುದೇ ಮರೆತುಹೋಗಿತ್ತು.

ಅವಳು ಫೋನಿನಲ್ಲಿ ಅದರ ಚಿತ್ರ ತೆಗೆದು ಬೈರಕೂರಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಸುನಂದಳ ಫೋನು ಬಂತು.

"ಆ ಮೂಲೆ ಮನೆ ದೊಡ್ಡದಿದೆ ನೋಡಿ. ನೀವು ಬೇಕೂಂತ ದೊಡ್ಡದು ಮಾಡಿದ್ರಿ."

"ಕೆರೆದಿದ್ದು ನೀನು."

"ಮೊಳೆ ಹಿಡಿದಿದ್ದು ನಾನು. ಹೇಳಿಕೊಟ್ಟಿದ್ದು ಯಾರು?"

ಇಬ್ಬರೂ ನಕ್ಕರು. ನೆಲ ಏಕೆ ಎಬ್ಬಿಸುತ್ತಿದ್ದೀರಿ ಎಂದು ಸುನಂದ ಕೇಳಿದಳು, ವೆಂಕಟಲಕ್ಷ್ಮಿ ಹೇಳಿದಳು. "ಒಳ್ಳೇದಾಯ್ತು ಅತ್ತಿಗೆ" ಎಂದು ಸುನಂದ ಫೋನಿಟ್ಟಳು.

ಮಧ್ಯಾಹ್ನ ಅದೇ ಚಪ್ಪಡಿ ಒಡೆಯಿತು. ಯಾರದೂ ತಪ್ಪಲ್ಲ, ಅಡಿಯಲ್ಲಿ ಇಲಿ ಬಿಲ ತೋಡಿ ಮಣ್ಣು ಪೊಳ್ಳಾಗಿತ್ತು, ಹಾರೆ ತಾಗುತ್ತಲೇ ನಡುವೆ ಸೀಳಿತು. ಅಪ್ಪಾಜಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಲಕ್ಕೆ ಹೊರಟುಹೋದ. ಕದಿರೇಶ್ ಕೆಲಸ ನಿಲ್ಲಿಸಿ ಅಂಗಳದಲ್ಲಿ ಕೂತ. ಬೇರೆ ಕಲ್ಲು ತಂದು ಹಾಕಿಸಲೇ ಎಂದು ಕೇಳಿದ. ವೆಂಕಟಲಕ್ಷ್ಮಿ ಎರಡು ಹೋಳನ್ನೂ ಜೋಡಿಸಿ ನೋಡಿದಳು.

"ಬೇಡಪ್ಪ. ಇದನ್ನೇ ಸಿಮೆಂಟ್ ಹಾಕಿ ಕೂರಿಸು. ಗೆರೆ ಒಂಚೂರು ಆಚೀಚೆ ಆದ್ರೂ ಪರವಾಗಿಲ್ಲ."

ಸಂಜೆ ಅಪ್ಪಾಜಪ್ಪ ವಾಪಸು ಬಂದಾಗ ಕೈಯಲ್ಲಿ ಅವರೆಕಾಯಿ ಚೀಲವಿತ್ತು. ಕದಿರೇಶನನ್ನು ಉಂಡೇ ಹೋಗಬೇಕೆಂದು ಕೂರಿಸಿದ.

ಮಣ್ಣು ಒಂದಡಿ ಅಗೆದು, ದಿಮ್ಮಿಸಿ, ಮೇಲೆ ಥರ್ಮಾಕೋಲ್ ಹಾಳೆ ಹಾಸಿದರು, ಕಾವು ಕೆಳಗೆ ಇಳಿಯದಿರಲಿ ಅಂತ. ಅದರ ಮೇಲೆ ಬಾಗುವ ಬಿಳಿ ಪೈಪನ್ನು ಕದಿರೇಶ್ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಹರಿಸಿದ. ನೋಡಲು ಜಿಲೇಬಿ ಬಿಟ್ಟಂತಿದೆ ಎಂದು ಮುನಿಯಲ್ಲಮ್ಮ ಅಂದಳು. ಪೈಪಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡಿ, ಎಲ್ಲೂ ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮರಳು ಗಾರೆ ಹಾಕಿ ಚಪ್ಪಡಿಗಳನ್ನು ಗುರುತಿನ ಪ್ರಕಾರ ಮತ್ತೆ ಕೂರಿಸಿದರು. ನೀರು ಕಾಯಿಸಲು ಹಿತ್ತಲಲ್ಲಿ ಒಂದು ಬಾಯ್ಲರ್. ಹಗಲು ಸೋಲಾರ್ ನೀರು, ಚಳಿ ಹೆಚ್ಚಾದರೆ ಬಾಯ್ಲರಿನ ಒಲೆಗೆ ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿ. ಆ ಕಡ್ಡಿಗೆ ಆ ಮನೆಯಲ್ಲಿ ಬರವಿರಲಿಲ್ಲ. ನೀರನ್ನು ಸುತ್ತಾಡಿಸಲು ಒಂದು ಪುಟ್ಟ ಪಂಪು, ಕರೆಂಟು ಹೋದರೂ ನಿಲ್ಲದಂತೆ ಅದಕ್ಕೊಂದು ಬ್ಯಾಟರಿ.

ಮೊದಲ ಸಲ ಬಾಯ್ಲರ್ ಹೊತ್ತಿಸಿದ ದಿನ ಬೀದಿಯವರೆಲ್ಲ ಬಂದು ನೆಲ ಮುಟ್ಟಿ ನೋಡಿದರು. ತಣ್ಣಗಿತ್ತು. ಮಧ್ಯಾಹ್ನವೂ ತಣ್ಣಗಿತ್ತು. ಸಂಜೆಗೆ ಒಬ್ಬೊಬ್ಬರಾಗಿ ಎದ್ದು ಹೋದರು. "ನೀರು ಸುತ್ತಾಡ್ತಾ ಇದೆ ಅಣ್ಣ, ಕಲ್ಲಿಗೆ ಹೊತ್ತು ಬೇಕು" ಎಂದು ಕದಿರೇಶ್ ಹೇಳಿದ, ಆದರೆ ಅವನ ಮುಖವೂ ಸಪ್ಪಗಿತ್ತು. ಮೊಟ್ಟೆ ಬರುವ ದಿನ ಹತ್ತಿರವಾಗಿತ್ತು. ಮರಿಗೆಂದು ಹೇಳಿಟ್ಟವರು ಕಾಯುತ್ತಿದ್ದರು.

ಬೆಳಿಗ್ಗೆ ವೆಂಕಟಲಕ್ಷ್ಮಿ ಎದ್ದು ಕಸಬರಿಗೆ ಹಿಡಿದು ನಡುಮನೆಗೆ ಕಾಲಿಟ್ಟಳು. ಕಾಲಿಟ್ಟವಳು ಹಾಗೇ ನಿಂತಳು. ಹಸುವಿನ ಹೊಟ್ಟೆಗೆ ಅಂಗೈ ಒತ್ತಿದಾಗ ಇರುತ್ತದಲ್ಲ, ಅಂಥ ಬೆಚ್ಚಗೆ. ಅಷ್ಟು ವರ್ಷ ಚಳಿಯಲ್ಲಿ ಕಾಲು ಕಚ್ಚುತ್ತಿದ್ದ ಕಲ್ಲು ಅದೇ. ಅವಳು ಯಾರನ್ನೂ ಕರೆಯಲಿಲ್ಲ. ಕಸಬರಿಗೆ ಕೆಳಗಿಟ್ಟು, ನಡುವಿನ ಚಪ್ಪಡಿಯ ಮೇಲೆ ಕಾಲು ಮಡಿಸಿ ಕೂತುಕೊಂಡಳು.

ಎಲ್ಲವೂ ಸಲೀಸಾಗಿ ನಡೆಯಿತು ಅಂತೇನೂ ಅಲ್ಲ. ಆ ಚಳಿಗಾಲದ ಮೊದಲ ಬೆಳೆಯಲ್ಲಿ ಗಾಳಿ ತೀರ ಒಣಗಿ, ಹಾಕಿದ ಸೊಪ್ಪು ಹುಳು ತಿನ್ನುವ ಮೊದಲೇ ಬಾಡಿತು. ಒದ್ದೆ ಗೋಣಿಚೀಲಗಳನ್ನು ನೆಲದ ಮೇಲೆ ಹಾಸಿ ಅದನ್ನು ಸರಿಮಾಡಿಕೊಂಡಳು. ಬೆಚ್ಚನೆಯ ಕಲ್ಲಿನ ಮೇಲೆ ಹಾಸಿದ ಗೋಣಿ ಕೋಣೆಗೆಲ್ಲ ಹದವಾದ ತೇವ ಬಿಡುತ್ತಿತ್ತು. ಆದರೆ ಬಡಗಣ ಗೋಡೆಯ ಮೂಲೆ ಉಳಿದ ಕಡೆಯಷ್ಟು ಬೆಚ್ಚಗಾಗಲಿಲ್ಲ. ಅಲ್ಲಿಟ್ಟ ತಟ್ಟೆಗಳ ಹುಳು ಜ್ವರಕ್ಕೆ ಹೋಗುವುದು ತಡವಾಯಿತು. ಕೆಲವು ಎದ್ದಿವೆ, ಕೆಲವು ಮಲಗಿವೆ. ಅಂಥ ಹುಳುವನ್ನು ಒಯ್ದವರು ಮುಂದೆ ಪಾಡು ಪಡಬೇಕು. ಹಂಚುವ ದಿನ ಮುನಿಯಲ್ಲಮ್ಮನ ಪಾಲಿಗೆ ಆ ಮೂಲೆಯ ತಟ್ಟೆಗಳು ಬರಬೇಕಾಗಿತ್ತು.

"ಇದು ಬೇಡ, ಮುನಿಯಲ್ಲಮ್ಮ. ಇದು ನಾನಿಟ್ಕೋತೀನಿ. ನಮ್ಮ ಪಾಲಿನ ತಟ್ಟೆ ನೀನು ತಗೊಂಡೋಗು."

"ನಿನಗೆ ನಷ್ಟ ಆಗಲ್ವ?"

"ನಮ್ಮ ಮನೆ ಮೂಲೆ ತಾನೇ. ನಾನೇ ಅನುಭವಿಸ್ತೀನಿ."

ಕದಿರೇಶ್ ಮತ್ತೆ ಬಂದ. ಆ ಮೂಲೆಗೆ ನೀರು ಕೊನೆಯಲ್ಲಿ ಬರುವಷ್ಟರಲ್ಲಿ ಆರಿಹೋಗುತ್ತಿದೆ, ತಾನು ಪೈಪನ್ನು ಒಂದೇ ಸುತ್ತು ಮಾಡಬಾರದಿತ್ತು ಎಂದು ಒಪ್ಪಿಕೊಂಡ. ಅಲ್ಲಿಯ ಎರಡು ಸಾಲು ಚಪ್ಪಡಿ ಎಬ್ಬಿಸಿ, ಬೇರೆಯೇ ಒಂದು ಸುತ್ತು ಎಳೆದು ನೇರ ಬಾಯ್ಲರಿಗೆ ಜೋಡಿಸಿದ. ಮುಂದಿನ ಬೆಳೆಯಲ್ಲಿ ಎಲ್ಲ ತಟ್ಟೆಯ ಹುಳುಗಳೂ ಒಟ್ಟಿಗೇ ತಲೆಯೆತ್ತಿ ಮಲಗಿದವು, ಒಟ್ಟಿಗೇ ಎದ್ದವು. ವೆಂಕಟಲಕ್ಷ್ಮಿ ತಟ್ಟೆಯಿಂದ ತಟ್ಟೆಗೆ ಹೋಗಿ ನೋಡಿದಳು. ಅಂಥ ಚಾಕಿ ಅವಳು ಚಳಿಗಾಲದಲ್ಲಿ ಯಾವತ್ತೂ ಎಬ್ಬಿಸಿರಲಿಲ್ಲ.

ಸಂಕ್ರಾಂತಿಯ ಮರುವಾರ ಸುನಂದ ಬಂದಳು. ಹುಳು ಹಂಚಿ, ನಡುಮನೆ ತೊಳೆದು ಬಿಟ್ಟಿದ್ದ ದಿನ. ಎಂದಿನಂತೆ ಹಿತ್ತಲಿನಿಂದ ಬಂದು, ಎಳ್ಳುಬೆಲ್ಲದ ಡಬ್ಬ ಅಡುಗೆಮನೆಯಲ್ಲಿಟ್ಟಳು. ಅಲ್ಲಿಂದ ನಡುಮನೆಯ ಬಾಗಿಲು ಕಾಣುತ್ತದೆ. ಒಳಗೆ ಅಕ್ಕಯಮ್ಮ ನೆಲದ ಮೇಲೆ ಕಾಲು ಚಾಚಿ, ಸೆರಗು ಮುಖದ ಮೇಲೆಳೆದು ಮಲಗಿದ್ದರು. ಸುನಂದ ಹೊಸಲಿನವರೆಗೆ ಬಂದಳು. ವೆಂಕಟಲಕ್ಷ್ಮಿ ಅಡುಗೆಮನೆಯಿಂದಲೇ ನೋಡಿದಳು.

ಅಕ್ಕಯಮ್ಮ ಸೆರಗು ಸರಿಸಿದರು. "ಕೆಂಡ ಇಲ್ಲ ಕಣೇ. ನೋಡ್ಕೋ ಬೇಕಾದ್ರೆ."

ಸುನಂದ ನಾಲ್ಕೂ ಮೂಲೆ ನೋಡಿದಳು. ಒಂದು ಕಾಲು ಒಳಗಿಟ್ಟಳು, ಇನ್ನೊಂದಿಟ್ಟಳು. ಅಂಗಾಲಿಗೆ ತಾಗಿದ ಬಿಸಿಗೆ ಹುಬ್ಬೇರಿಸಿ, ತಾಯಿಯ ಪಕ್ಕದಲ್ಲಿ ಮೆಲ್ಲಗೆ ಕೂತಳು. ಬಹಳ ಹೊತ್ತು ಕಲ್ಲಿನ ಮೇಲೆ ಅಂಗೈ ಆಡಿಸುತ್ತಿದ್ದಳು.

"ಇಷ್ಟು ವರ್ಷ ನಿನಗೆ ಭಯ ಇತ್ತಲ್ಲ" ಅಂದರು ಅಕ್ಕಯಮ್ಮ. "ನಾನು ಒಳಗೆ ಬಾ ಅಂತ ಹೇಗೆ ಕರೀಲಿ?"

"ನನಗೆಲ್ಲಿ ಭಯ ಅಮ್ಮ?" ಅಂದಳು ಸುನಂದ. "ಮದುವೆಯಾದ ಮೊದಲ ವರ್ಷ ದೀಪಾವಳಿಗೆ ಬಂದಾಗ ನಾನು ಈ ಹೊಸಲು ದಾಟೋಕೆ ಹೋದೆ. ನಿನ್ನ ಮುಖ ನೋಡಿದೆ. ರಕ್ತವೇ ಇರ್ಲಿಲ್ಲ ಮುಖದಲ್ಲಿ. ಅದಕ್ಕೇ ಹಿತ್ತಲಿಂದ ಬರೋಕೆ ಶುರು ಮಾಡಿದೆ. ನನಗೆ ಆ ದಿನದ್ದು ಏನೂ ನೆನಪಿಲ್ಲ. ಎಚ್ಚರ ಆದಾಗ ಅತ್ತಿಗೆ ಕೈ ನನ್ನ ಕೆನ್ನೆ ಮೇಲಿತ್ತು, ಸೊಪ್ಪಿನ ವಾಸನೆ ಬರ್ತಿತ್ತು. ಅಷ್ಟೇ ನೆನಪು."

ಅಕ್ಕಯಮ್ಮ ಮಗಳ ಮುಂಗೈ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿದರು. ವೆಂಕಟಲಕ್ಷ್ಮಿಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋಗಿ ಬಾಯ್ಲರಿನ ಒಲೆಗೆ, ಬೇಕಿಲ್ಲದಿದ್ದರೂ, ಒಂದು ಹಿಡಿ ಕಡ್ಡಿ ಹಾಕಿ ಬಂದಳು. ತಾಯಿಯ ಮುಖಕ್ಕೆ ಹೆದರಿ ಮಗಳು ಅಷ್ಟು ವರ್ಷ ಹಿತ್ತಲು ಬಳಸಿದ್ದಳು, ಮಗಳಿಗೆ ಭಯವೆಂದು ತಾಯಿ ಒಳಗೆ ಕರೆದಿರಲಿಲ್ಲ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ತಾನೂ ಕೇಳಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಆ ಮಧ್ಯಾಹ್ನ ಅತ್ತಿಗೆ ನಾದಿನಿ ಸೀಳುಬಿಟ್ಟ ಚಪ್ಪಡಿಯ ಮೇಲೆ ಚೌಕಾಬಾರ ಆಡಿದರು. ಸಿಮೆಂಟಿನ ಗೀರು ಎರಡು ಮನೆಗಳ ನಡುವೆ ಹಾದುಹೋಗಿತ್ತು. ಅಲ್ಲಿಗೆ ಬಂದ ಕಾಯಿ ಈ ಮನೆಯದೋ ಆ ಮನೆಯದೋ ಎಂದು ಇಬ್ಬರಿಗೂ ಜಗಳವಾಯಿತು. ಸುನಂದಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ವೆಂಕಟಲಕ್ಷ್ಮಿಗೆ ಕನ್ನಡಕವಿಲ್ಲದೆ ಹುಣಸೆಬೀಜದ ಬಿಳಿ ಯಾವುದು ಕಪ್ಪು ಯಾವುದು ಕಾಣುತ್ತಿರಲಿಲ್ಲ. ಅಕ್ಕಯಮ್ಮ ಮಲಗಿದಲ್ಲಿಂದಲೇ "ನಾನು ಆಗಲೇ ನೋಡಿದ್ದೆ, ಗೋಣಿ ಕೆಳಗೆ ಏನಿತ್ತು ಅಂತ. ಕುರುಡಿ ಅಂದ್ಕೊಂಡಿದ್ರಾ?" ಅಂದರು. ಅಪ್ಪಾಜಪ್ಪ ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು ತಂಗಿಯನ್ನು ಒಳಗೆ ನೋಡಿ, ತಾನೂ ಬಂದು ಕೂತ. ಅಂದೇ ಹೋಗಬೇಕಾಗಿದ್ದ ಸುನಂದ ವಾರವೆಲ್ಲ ಉಳಿದಳು.

ಈಗ ಅದಾಗಿ ಇನ್ನೊಂದು ಚಳಿಗಾಲ ಕಳೆದಿದೆ. ವೆಂಕಟಲಕ್ಷ್ಮಿಯ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಾತಿನ ನಡುವೆ ಅಡ್ಡ ಬರುವಷ್ಟಿಲ್ಲ. ಶ್ರೀನಿವಾಸಪುರದ ಕಡೆಯ ಚಾಕಿಯವರೊಬ್ಬರು ಬಂದು ನೆಲ ನೋಡಿಕೊಂಡು ಹೋಗಿ, ಕದಿರೇಶನನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಈ ಸಲ ಮೊದಲಿನಿಂದಲೇ ಎರಡು ಸುತ್ತು ಹಾಕಿದ್ದಾನಂತೆ.

ಮನೆಯಲ್ಲಿ ಹೊಸದೊಂದು ತಕರಾರು ಮಾತ್ರ ಶುರುವಾಗಿದೆ. ಒಂದು ಬೆಳೆ ಹಂಚಿ ಮುಂದಿನ ಮೊಟ್ಟೆ ಬರುವವರೆಗೆ ನಡುಮನೆ ಖಾಲಿ ಇರುತ್ತದೆ. ಆ ದಿನಗಳಲ್ಲಿ ಅಕ್ಕಯಮ್ಮ ತಮ್ಮ ಚಾಪೆ, ದಿಂಬು, ಎಲೆಅಡಿಕೆ ಚೀಲ ಎಲ್ಲ ತಂದು ಅಲ್ಲಿ ಬಿಡಾರ ಹೂಡುತ್ತಾರೆ. ನೆಲ ಬೆಚ್ಚಗಿಡಲು ಕಡ್ಡಿ ಹಾಕಿ ಎಂದು ಮಗನಿಗೆ ಹೇಳುತ್ತಾರೆ. ಮೊಟ್ಟೆ ಬರುವ ಮುನ್ನ ಕೋಣೆ ತೊಳೆದು ಸುಣ್ಣದ ನೀರು ಹೊಡೆಯಬೇಕು, ಅದಕ್ಕೆ ಅವರು ಏಳಬೇಕು. ಏಳಲು ಒಪ್ಪುವುದಿಲ್ಲ.

"ಅತ್ತೆಮ್ಮ, ಎದ್ದೇಳಿ. ನಾಳೆ ಹುಳು ಬರುತ್ತೆ."

"ಬರಲಿ ಬಿಡು. ಒಂದು ಮೂಲೆ ನನಗೆ ಬಿಟ್ಟು ಉಳಿದದ್ದು ಅವಕ್ಕೆ ಕೊಡು."

"ನಿಮ್ಮ ಎಲೆಅಡಿಕೆ ವಾಸನೆ ಅವಕ್ಕಾಗಲ್ಲ."

ಅಕ್ಕಯಮ್ಮ ಸೊಸೆಯ ಮುಖ ನೋಡಿ, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಗೊಣಗುತ್ತ ಜಗಲಿಗೆ ನಡೆಯುತ್ತಾರೆ. ವೆಂಕಟಲಕ್ಷ್ಮಿ ಚಾಪೆ ಸುತ್ತಿ ಅವರ ಹಿಂದೆ ಒಯ್ಯುತ್ತಾಳೆ, ಹೊದೆಯಲು ದಪ್ಪ ಕಂಬಳಿ ಕೊಡುತ್ತಾಳೆ, ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡು ನೆಲ ತೊಳೆಯಲು ಬಕೆಟ್ಟು ಹಿಡಿಯುತ್ತಾಳೆ.